ಮುಖವಾಡ ಬಂದ ಮೇಲೆ

1959ರ ನವೆಂಬರ್ 1ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಎದುರಾಳಿ ತಂಡದ ಆಂಡಿ ಬಾತ್‌ಗೇಟ್ ಹೊಡೆದ ಪಕ್, ಅಂದರೆ ಐಸ್ ಹಾಕಿಯ ರಬ್ಬರ್ ಬಿಲ್ಲೆ, ನೇರವಾಗಿ ಜಾಕ್ ಪ್ಲಾಂಟ್‌ನ ಮುಖಕ್ಕೆ ಬಡಿಯಿತು. ಪ್ಲಾಂಟ್ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಗೋಲ್‌ಕೀಪರ್. ಆ ಕಾಲದ ಐಸ್ ಹಾಕಿಯಲ್ಲಿ ತಂಡಕ್ಕೆ ಒಬ್ಬನೇ ಗೋಲ್‌ಕೀಪರ್. ಅವನು ಒಳಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬರುವ ತನಕ ಪಂದ್ಯ ನಿಂತಿರಬೇಕು. ಹೊಲಿಗೆಯೇನೋ ಆಯಿತು. ಆದರೆ ಅಭ್ಯಾಸದ ವೇಳೆ ತಾನು ಹಾಕಿಕೊಳ್ಳುತ್ತಿದ್ದ ಫೈಬರ್‌ಗ್ಲಾಸ್ ಮುಖವಾಡವಿಲ್ಲದೆ ಮತ್ತೆ ಮಂಜುಗಡ್ಡೆಯ ಮೇಲೆ ಕಾಲಿಡುವುದಿಲ್ಲ ಎಂದು ಪ್ಲಾಂಟ್ ಪಟ್ಟು ಹಿಡಿದ. ಕೋಚ್ ಟೋ ಬ್ಲೇಕ್‌ಗೆ ಇದು ಸುತರಾಂ ಇಷ್ಟವಿರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಪ್ಲಾಂಟ್ ಮುಖವಾಡ ಹಾಕಿಕೊಂಡೇ ಬಂದ. ಮಾಂಟ್ರಿಯಲ್ 3-1ರಿಂದ ಗೆದ್ದಿತು. ಆ ಋತುವಿನ ಕೊನೆಗೆ ಸತತ ಐದನೆಯ ಸಲ ಸ್ಟ್ಯಾನ್ಲಿ ಕಪ್ ಕೂಡ ಅದರದೇ ಆಯಿತು.

ಬ್ಲೇಕ್‌ನ ತಕರಾರನ್ನು ಇಂದು ನಗುತ್ತಾ ತಳ್ಳಿಹಾಕುವುದು ಸುಲಭ. ಮುಖವಾಡ ಹಾಕಿದವನಿಗೆ ಕಾಲ ಬುಡದಲ್ಲಿರುವ ಪಕ್ ಸರಿಯಾಗಿ ಕಾಣುವುದಿಲ್ಲ ಎಂಬ ಮಾತು ಆಗ ಇತ್ತು. ಅದಕ್ಕಿಂತ ಆಳದಲ್ಲಿ ಇನ್ನೊಂದು ನಂಬಿಕೆಯೂ ಇತ್ತು: ಪೆಟ್ಟಿನ ಅಂಜಿಕೆ ಇಲ್ಲದವನ ಎಚ್ಚರ ಸಡಿಲವಾಗುತ್ತದೆ. ನನಗೆ ಈ ಎರಡನೆಯ ಮಾತು ಅಷ್ಟು ಸುಲಭಕ್ಕೆ ಬಿಡಲಾಗದ್ದು ಅನ್ನಿಸುತ್ತದೆ. ಭಯ ಆಟಗಾರನ ಹೊರಗಿರುವ ಅಡ್ಡಿಯೋ, ಅಥವಾ ಸ್ಟಿಕ್ಕಿನಂತೆ, ಸ್ಕೇಟಿನಂತೆ ಅದೂ ಅವನ ಸಲಕರಣೆಗಳಲ್ಲಿ ಒಂದೋ? ಅದನ್ನು ತೆಗೆದುಬಿಟ್ಟರೆ ಅದೇ ಆಟ ಉಳಿಯುತ್ತದೆಯೇ?

ಉಳಿಯಲಿಲ್ಲ. ಹೇಗೆಂದು ತಿಳಿಯಲು ಗ್ಲೆನ್ ಹಾಲ್‌ನನ್ನು ನೆನೆಯಬೇಕು. 1955ರಿಂದ 1962ರವರೆಗೆ ಒಂದೂ ತಪ್ಪದೆ 502 ಪಂದ್ಯಗಳಲ್ಲಿ ಗೋಲು ಕಾದವನು, ಅಷ್ಟನ್ನೂ ಬರಿ ಮುಖದಲ್ಲಿ. ಪಂದ್ಯಕ್ಕೆ ಮುಂಚೆ ಅವನು ವಾಂತಿ ಮಾಡಿಕೊಳ್ಳುತ್ತಿದ್ದುದು ಹಾಕಿ ಜಗತ್ತಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಉಳಿದ ಗೋಲ್‌ಕೀಪರುಗಳು ನೆಟ್ಟಗೆ ನಿಂತು, ಕಾಲು ಚಾಚಿ ಪಕ್ಕನ್ನು ಒದ್ದು ತಡೆಯುತ್ತಿದ್ದಾಗ ಹಾಲ್ ಮಂಡಿಗಳನ್ನು ಒಟ್ಟಿಗೆ ಕೆಳಗೆ ಬೀಳಿಸಿ, ಕಾಲುಗಳನ್ನು ಎರಡೂ ಕಡೆಗೆ ಹರಡುತ್ತಿದ್ದ. ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಕಾಣುವುದರಿಂದ ಆ ಭಂಗಿಗೆ ಬಟರ್‌ಫ್ಲೈ ಎಂದೇ ಹೆಸರು. ಮಂಡಿಯೂರಿದಾಗ ಮುಖ ಎಲ್ಲಿಗೆ ಬರುತ್ತದೆ ಎಂದು ಯೋಚಿಸಿ: ಪಕ್ ಹಾರುವ ಎತ್ತರಕ್ಕೇ. ಮುಖವಾಡವಿಲ್ಲದ ಕಾಲದಲ್ಲಿ ಅದು ಒಬ್ಬ ವಿಚಿತ್ರ ಧೈರ್ಯಶಾಲಿಯ ಖಾಸಗಿ ಹಟವಾಗಿ ಉಳಿಯಬಹುದಿತ್ತೇ ಹೊರತು ಎಲ್ಲ ಮಕ್ಕಳಿಗೂ ಹೇಳಿಕೊಡುವ ಪಾಠವಾಗಲು ಸಾಧ್ಯವಿರಲಿಲ್ಲ. ಭಯವನ್ನು ಮೀರಿ ಒಬ್ಬ ಕಂಡುಕೊಂಡದ್ದು, ಭಯವೇ ಇಲ್ಲವಾದ ಮೇಲೆ ಎಲ್ಲರ ಪದ್ಧತಿಯಾಯಿತು.

ಪಾಠವಾಗಿಸಿದವರು ಕ್ವಿಬೆಕ್‌ನವರು. 1986ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಮೊದಲ ಪೂರ್ಣ ಋತುವಿನಲ್ಲೇ ಪ್ಯಾಟ್ರಿಕ್ ರುವಾ ಮಾಂಟ್ರಿಯಲ್ಲಿಗೆ ಕಪ್ ತಂದುಕೊಟ್ಟ. ಅವನ ಹಿಂದೆ ಫ್ರಾನ್ಸ್ವಾ ಅಲೇರ್ ಎಂಬ ತರಬೇತುದಾರನಿದ್ದ. ಅಲೇರ್ ಹಿಡಿದದ್ದು ಲೆಕ್ಕದ ದಾರಿ. ಹೆಚ್ಚಿನ ಹೊಡೆತಗಳು ಕೆಳಗೇ ಬರುತ್ತವೆ. ಕೆಳಭಾಗವನ್ನು ಪೂರ್ತಿ ಮುಚ್ಚು, ಎದುರಾಳಿಗೆ ಮೇಲಿನ ಚಿಕ್ಕ ಮೂಲೆಗಳನ್ನಷ್ಟೇ ಬಿಡು, ಪಕ್ಕನ್ನು ಹಿಡಿಯಬೇಡ, ಅದು ನಿನಗೆ ಬಂದು ಬಡಿಯುವಂತೆ ನಿಲ್ಲು. ಕಣ್ಣು-ಕೈಗಳ ಚುರುಕಿನ ಜಾಗಕ್ಕೆ ರೇಖಾಗಣಿತ ಬಂದು ಕೂತಿತು. ಒದ್ದೆಯಾಗಿ ಭಾರವಾಗುತ್ತಿದ್ದ ಚರ್ಮದ ಪ್ಯಾಡುಗಳು ಹೋಗಿ ಹಗುರವಾದ ಕೃತಕ ವಸ್ತುವಿನ ಪ್ಯಾಡುಗಳು ಬಂದದ್ದೂ ಇದಕ್ಕೆ ಒದಗಿತು. 1980ರ ದಶಕದ ಮೊದಲ ವರ್ಷಗಳಲ್ಲಿ ನ್ಯಾಷನಲ್ ಹಾಕಿ ಲೀಗಿನ ಗೋಲ್‌ಕೀಪರುಗಳು ನೂರು ಹೊಡೆತಗಳಲ್ಲಿ ಸುಮಾರು 87 ತಡೆಯುತ್ತಿದ್ದರು. 2010ರ ದಶಕದ ಮಧ್ಯದ ಹೊತ್ತಿಗೆ 91ಕ್ಕೂ ಮೇಲೆ. ನೂರಕ್ಕೆ ನಾಲ್ಕು ಅಂದರೆ ಏನು ಮಹಾ ಅನ್ನಿಸಬಹುದು. ಒಂದು ರಾತ್ರಿಗೆ ಮೂವತ್ತು ಹೊಡೆತ ಎಂದು ಹಿಡಿದರೂ ತಂಡಕ್ಕೆ ಒಂದು ಗೋಲಿಗಿಂತ ಹೆಚ್ಚು ನಷ್ಟ, ಪ್ರತಿ ರಾತ್ರಿ.

ಹಳೆಯ ಪಂದ್ಯಗಳ ಚಿತ್ರೀಕರಣ ನೋಡಿದವರು ಬೇಗ ಒಂದು ತೀರ್ಮಾನಕ್ಕೆ ಬರುತ್ತಾರೆ: ಇಂದಿನವರೇ ಮೇಲು. ಹಳಬರ ಸ್ಕೇಟಿಂಗ್ ನಿಧಾನ, ಹೊಡೆತಗಳು ಸಾಧಾರಣ, ಗೋಲ್‌ಕೀಪರುಗಳು ಕಂಬದಂತೆ ನಿಂತಿರುತ್ತಾರೆ. ಇನ್ನೊಂದು ಗುಂಪಿನವರು ಅಷ್ಟೇ ಬೇಗ ಇದಕ್ಕೆ ತದ್ವಿರುದ್ಧವಾದ ತೀರ್ಮಾನಕ್ಕೆ ಬರುತ್ತಾರೆ: ಆಗ ಆಟವಿತ್ತು, ಈಗ ಯಂತ್ರವಿದೆ. ಎರಡೂ ಪಕ್ಷ ಕೌಶಲವನ್ನು ಒಬ್ಬ ಮನುಷ್ಯನ ಮೈಯೊಳಗೆ ಗಂಟು ಕಟ್ಟಿಟ್ಟ ಸೊತ್ತು ಎಂದು ಭಾವಿಸಿಕೊಂಡೇ ವಾದಿಸುತ್ತವೆ. ಆ ಭಾವನೆಯ ಮೇಲೆಯೇ ನನಗೆ ಅನುಮಾನ.

ಜಾರ್ಜ್ ಹೇನ್ಸ್‌ವರ್ತ್‌ನ ಸಂಗತಿ ನೋಡಿ. 1928-29ರಲ್ಲಿ ಮಾಂಟ್ರಿಯಲ್ ಪರವಾಗಿ ಆಡಿದ 44 ಪಂದ್ಯಗಳಲ್ಲಿ 22ರಲ್ಲಿ ಆತ ಎದುರಾಳಿಗೆ ಒಂದೂ ಗೋಲು ಕೊಡಲಿಲ್ಲ. ಅದು ಇಂದಿಗೂ ದಾಖಲೆ. ಮುಂದಿನ ಋತುವಿನಲ್ಲಿ ಅದೇ ಮನುಷ್ಯ, ಅದೇ ತಂಡ, ಅದೇ ಕೈಕಾಲು. ಗೋಲಿಲ್ಲದ ಪಂದ್ಯಗಳು ನಾಲ್ಕಕ್ಕೆ ಇಳಿದವು. ಹೇನ್ಸ್‌ವರ್ತ್ ಆಟ ಮರೆತಿರಲಿಲ್ಲ; ಆ ವರ್ಷ ಕಪ್ ಗೆದ್ದದ್ದು ಅವನ ತಂಡವೇ. ನಡುವೆ ಆದದ್ದು ಇಷ್ಟೇ: ಅಲ್ಲಿಯವರೆಗೆ ಎದುರಾಳಿಯ ವಲಯದೊಳಗೆ ಪಕ್ಕನ್ನು ಮುಂದಕ್ಕೆ ಪಾಸ್ ಮಾಡುವಂತಿರಲಿಲ್ಲ, 1929ರಲ್ಲಿ ಲೀಗ್ ಎಲ್ಲ ವಲಯಗಳಲ್ಲೂ ಮುಂದಕ್ಕೆ ಪಾಸ್ ಮಾಡಲು ಬಿಟ್ಟಿತು. ನಿಯಮಪುಸ್ತಕದ ಒಂದು ಸಾಲು ಬದಲಾದದ್ದೇ ತಡ, ಒಬ್ಬನ ಅಸಾಧಾರಣ ಸಾಮರ್ಥ್ಯದ ಬಹುಪಾಲು ಕರಗಿಹೋಯಿತು. ಹಾಗಾದರೆ ಹಿಂದಿನ ವರ್ಷದ ಆ 22ರಲ್ಲಿ ಅವನದೆಷ್ಟು, ನಿಯಮದ್ದೆಷ್ಟು? ಪಾಲು ಮಾಡಲು ಹೊರಟರೆ ಕೈಗೆ ಸಿಗುವುದಿಲ್ಲ. ಕೌಶಲ ಆಟಗಾರನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅವನಿಗೂ ಅವನ ತಡೆಗಳಿಗೂ ನಡುವೆ ಇರುತ್ತದೆ.

ಒಂದು ಹುಟ್ಟಿದರೆ ಇನ್ನೊಂದು ಸಾಯುತ್ತದೆ ಎಂಬುದಕ್ಕೆ ಸ್ಟಿಕ್ಕಿನ ಕತೆಗಿಂತ ಚೆನ್ನಾದ ಸಾಕ್ಷಿ ಸಿಗದು. 1960ರ ದಶಕದ ಆರಂಭದಲ್ಲಿ ಶಿಕಾಗೋದ ಸ್ಟ್ಯಾನ್ ಮಿಕಿಟಾನ ಸ್ಟಿಕ್ಕಿನ ತುದಿ ಅಭ್ಯಾಸದ ವೇಳೆ ಸೀಳಿ ಬಾಗಿತು. ಬೇಸರದಲ್ಲಿ ಅದರಿಂದಲೇ ಒಂದು ಹೊಡೆತ ಹೊಡೆದು ನೋಡಿದರೆ ಪಕ್ ಹೋದ ರೀತಿಯೇ ಬೇರೆ. ಅವನೂ ಅವನ ಜೊತೆಗಾರ ಬಾಬಿ ಹಲ್ಲನೂ ಸ್ಟಿಕ್ಕುಗಳನ್ನು ಬೇಕೆಂದೇ ಬಗ್ಗಿಸತೊಡಗಿದರು. ಗಾಳಿಯಲ್ಲಿ ಹೊರಳುತ್ತ, ಮುಳುಗುತ್ತ ಬರುವ ಆ ಹೊಡೆತಗಳಿಗೆ ಗೋಲ್‌ಕೀಪರುಗಳು ತತ್ತರಿಸಿದರು. ಎಷ್ಟೆಂದರೆ ಬಾಗು ಇಷ್ಟನ್ನು ಮೀರಬಾರದು ಎಂದು ಲೀಗ್ ಅಳತೆ ನಿಗದಿ ಮಾಡಬೇಕಾಯಿತು. ಇಂದು ನೆಟ್ಟಗಿನ ಸ್ಟಿಕ್ ಹಿಡಿದ ಆಟಗಾರ ಕಾಣುವುದೇ ಅಪರೂಪ. ಆದರೆ ಒಂದು ಕಡೆಗೆ ಬಾಗಿದ್ದು ಇನ್ನೊಂದು ಕಡೆಗೆ ಉಬ್ಬಲೇಬೇಕಲ್ಲ. ಹಿಂಗೈ ಹೊಡೆತ ಎಲ್ಲರ ಕೈಯಲ್ಲಿದ್ದ ಸಾಮಾನ್ಯ ವಿದ್ಯೆಯಾಗಿತ್ತು. ಉಬ್ಬಿದ ಹೊರಮೈಯಿಂದ ಅದನ್ನು ಗುರಿಯಿಟ್ಟು ಹೊಡೆಯುವುದು ದುಸ್ತರವಾಯಿತು. ಮಿಕಿಟಾ ಕೂಡ ಮುಂದೆ ಇದನ್ನು ಹಳಹಳಿಸಿದನೋ ಇಲ್ಲವೋ, ನಾನಂತೂ ಹಳಹಳಿಸುತ್ತೇನೆ. ಸಿಡ್ನಿ ಕ್ರಾಸ್ಬಿಯಂಥ ಒಬ್ಬಿಬ್ಬರು ಕಡಿಮೆ ಬಾಗಿನ ಸ್ಟಿಕ್ ಇಟ್ಟುಕೊಂಡು ಹಿಂಗೈ ಹೊಡೆತವನ್ನು ಉಳಿಸಿಕೊಂಡಿದ್ದಾರೆ. ಅವರ ಹಿಂಗೈಯಿಂದ ಗೋಲಾದಾಗ ವೀಕ್ಷಕ ವಿವರಣೆಕಾರರು ಬೆರಗಾಗುವುದನ್ನು ಕೇಳಿದರೆ, ಅರವತ್ತೈದು ವರ್ಷದ ಹಿಂದೆ ಅದು ಬೆರಗಿನ ವಿಷಯವೇ ಆಗಿರಲಿಲ್ಲ ಎಂಬುದು ನೆನಪಾಗುತ್ತದೆ.

ಇಷ್ಟು ಹೊತ್ತು ಮಾತಾಡಿದ್ದು ಒಬ್ಬೊಬ್ಬರ ಕೈಚಳಕದ ಬಗ್ಗೆ. ಸೋವಿಯತ್ ಒಕ್ಕೂಟದಿಂದ ಬಂದ ಪ್ರಶ್ನೆ ಇದಕ್ಕಿಂತ ದೊಡ್ಡದು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅವರು ಕೆನಡಾದ ಆಟವನ್ನು ಕೈಗೆತ್ತಿಕೊಂಡಾಗ ಅವರ ಬಳಿ ಇದ್ದದ್ದು ಬ್ಯಾಂಡಿ: ಫುಟ್‌ಬಾಲ್ ಮೈದಾನದಷ್ಟು ಅಗಲದ ಮಂಜುಗಡ್ಡೆಯ ಮೇಲೆ ಹನ್ನೊಂದು ಜನ ಚೆಂಡಿನೊಂದಿಗೆ ಆಡುವ ಆಟ. ಕೃತಕ ರಿಂಕುಗಳು ತೀರ ವಿರಳ. ಹೀಗಾಗಿ ಕೋಚ್ ಅನಾತೊಲಿ ತರಾಸೊವ್ ತನ್ನ ಹುಡುಗರನ್ನು ಬರಿ ನೆಲದ ಮೇಲೆ ಓಡಿಸಿ, ಹಾರಿಸಿ, ಭಾರ ಹೊರಿಸಿ ತಯಾರು ಮಾಡಿದ. ವಿಶಾಲ ಅಂಗಳದ ಅಭ್ಯಾಸವಿದ್ದವರಿಗೆ ಪಕ್ ಹಿಡಿದು ಎದುರಾಳಿಯ ಮೈಮೇಲೆ ನುಗ್ಗುವುದಕ್ಕಿಂತ, ದಾರಿ ಮುಚ್ಚಿದ್ದರೆ ಹಿಂದಿರುಗಿ ಬೇರೆ ದಾರಿ ಹುಡುಕುವುದು ಸಹಜವಾಗಿತ್ತು. ಪಕ್ ಇರುವವನನ್ನು ನೋಡುವುದು ಕೆನಡಾದ ಆಟ. ಪಕ್ ಇಲ್ಲದ ನಾಲ್ವರನ್ನು ನೋಡುವುದು ಸೋವಿಯತ್ ಆಟ. 1954ರಲ್ಲಿ ಮೊದಲ ಬಾರಿಗೆ ವಿಶ್ವ ಚಾಂಪಿಯನ್‌ಷಿಪ್ಪಿಗೆ ಬಂದವರೇ ಗೆದ್ದುಬಿಟ್ಟರು. ಅಲ್ಲಿ ಎದುರಿಗಿದ್ದವರು ವೃತ್ತಿಪರರಲ್ಲ ಎಂದು ಕೆನಡಾ ಸಮಾಧಾನ ಹೇಳಿಕೊಂಡಿತು. ಆ ಸಮಾಧಾನ 1972ರ ಸೆಪ್ಟೆಂಬರ್ 2ರವರೆಗೆ ಬಾಳಿತು. ಅಂದು ಮಾಂಟ್ರಿಯಲ್ಲಿನಲ್ಲಿ ಕೆನಡಾದ ಅತ್ಯುತ್ತಮ ವೃತ್ತಿಪರರು ಮೊದಲ ಅರ್ಧ ನಿಮಿಷದಲ್ಲೇ ಗೋಲು ಹೊಡೆದು, 2-0 ಮುಂದಿದ್ದು, ಕೊನೆಗೆ 7-3ರಿಂದ ಸೋತರು.

ಎಂಟು ಪಂದ್ಯಗಳ ಆ ಸರಣಿಯನ್ನು ಕೆನಡಾವೇ ಗೆದ್ದಿತು. ಮಾಸ್ಕೋದ ಕೊನೆಯ ಪಂದ್ಯದಲ್ಲಿ 34 ಸೆಕೆಂಡು ಉಳಿದಿದ್ದಾಗ ಪಾಲ್ ಹೆಂಡರ್ಸನ್ ಹೊಡೆದ ಗೋಲು ಆ ದೇಶದ ಚರಿತ್ರೆಯ ಭಾಗವಾಗಿದೆ. ಆರನೆಯ ಪಂದ್ಯದಲ್ಲಿ ಬಾಬಿ ಕ್ಲಾರ್ಕ್ ಸ್ಟಿಕ್ ಬೀಸಿ ವಲೇರಿ ಖರ್ಲಾಮೊವ್‌ನ ಕಾಲಗಂಟಿಗೆ ಹೊಡೆದದ್ದೂ ಚರಿತ್ರೆಯ ಭಾಗವೇ. ಖರ್ಲಾಮೊವ್ ಆ ಸರಣಿಯಲ್ಲಿ ಎಲ್ಲರ ಕಣ್ಣು ತೆರೆಸಿದ ಆಟಗಾರ. ಕೌಶಲಕ್ಕೆ ಉತ್ತರ ಸಿಗದಾಗ ಕೌಶಲವಿರುವ ಕಾಲನ್ನೇ ಮುರಿಯುವುದು: ಇದನ್ನೂ ಆಟದ ಶೈಲಿ ಎಂದು ಕರೆಯಬೇಕೇ? ಅದೇ ಕ್ಲಾರ್ಕ್‌ನ ಫಿಲಡೆಲ್ಫಿಯಾ ತಂಡ 1974 ಮತ್ತು 1975ರಲ್ಲಿ ಕಪ್ ಗೆದ್ದಿತು, ಮುಷ್ಟಿಯ ಬಲದಿಂದ ಎಂದು ಲೋಕ ಮಾತಾಡಿಕೊಂಡಿತು. ಅದರ ಡೇವ್ ಷುಲ್ಟ್ಸ್ ಒಂದೇ ಋತುವಿನಲ್ಲಿ 472 ನಿಮಿಷ ಪೆನಾಲ್ಟಿ ಪೆಟ್ಟಿಗೆಯಲ್ಲಿ ಕಳೆದ. ತಮಾಷೆಯೆಂದರೆ ಆ ತಂಡದ ಕೋಚ್ ಫ್ರೆಡ್ ಷೀರೋ 1974ರಲ್ಲಿ ಮಾಸ್ಕೋಗೆ ಹೋಗಿ ಸೋವಿಯತ್ ಪದ್ಧತಿಯನ್ನು ಕಲಿತು ಬಂದವನು. ಪುಂಡರ ತಂಡವೆಂದು ಹೆಸರಾದದ್ದರ ಒಳಗೆ ತರಾಸೊವ್‌ನ ಪಾಠ ನಡೆಯುತ್ತಿತ್ತು.

ಇಲ್ಲಿ ಒಂದು ಪಕ್ಕದ ಮಾತು. ನಮಗೆ ಹಾಕಿ ಎಂದರೆ ಕೊಡಗು, ಹುಲ್ಲಿನ ಮೈದಾನ. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಕೊಡಗಿನ ಬಿ. ಪಿ. ಗೋವಿಂದ ಇದ್ದರು. ಮರುವರ್ಷ ಒಲಿಂಪಿಕ್ಸ್ ನಡೆದದ್ದು ಇದೇ ಮಾಂಟ್ರಿಯಲ್ಲಿನಲ್ಲಿ, ಹಾಕಿಗೆ ಮೊತ್ತಮೊದಲ ಬಾರಿ ಕೃತಕ ಹಾಸಿನ ಮೇಲೆ. ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಹುಲ್ಲಿನ ಉಬ್ಬುತಗ್ಗಿನಲ್ಲಿ ಚೆಂಡನ್ನು ಪಳಗಿಸುತ್ತಿದ್ದ ಮಣಿಕಟ್ಟಿನ ವಿದ್ಯೆ ಸಪಾಟು ಹಾಸಿನ ಮೇಲೆ ಅರ್ಧ ಬೆಲೆಗೆ ಇಳಿದುಹೋಯಿತು. ಹೇನ್ಸ್‌ವರ್ತ್‌ನ ಅಂಕಿಗಳನ್ನು ನೋಡಿ ನಮಗೆ ಕರುಳು ಚುರ್ರೆನ್ನಲು ಇದೂ ಒಂದು ಕಾರಣವಿರಬಹುದು.

ವೇಯ್ನ್ ಗ್ರೆಟ್ಸ್ಕಿಗೆ ಬರೋಣ. ಬರದೆ ಈ ವಿಷಯ ಬರೆಯಲಾಗದು. ಒಂಟಾರಿಯೋದ ಬ್ರಾಂಟ್‌ಫರ್ಡ್‌ನಲ್ಲಿ ಮನೆಯ ಹಿತ್ತಿಲಿಗೆ ನೀರು ಹಾಯಿಸಿ ಹೆಪ್ಪುಗಟ್ಟಿಸಿ ಅಪ್ಪ ವಾಲ್ಟರ್ ಮಾಡಿಕೊಟ್ಟ ರಿಂಕಿನಲ್ಲಿ ಕಲಿತವನು. ಚಿಕ್ಕಂದಿನಲ್ಲಿ ಟಿವಿಯಲ್ಲಿ ಪಂದ್ಯ ನೋಡುತ್ತ, ಕಾಗದದ ಮೇಲೆ ಬರೆದ ರಿಂಕಿನ ಚಿತ್ರದಲ್ಲಿ ಪಕ್ ಹೋದಲ್ಲೆಲ್ಲ ಪೆನ್ನು ಓಡಿಸುತ್ತಿದ್ದನಂತೆ. ಪಂದ್ಯ ಮುಗಿದಾಗ ಗೆರೆಗಳು ಎಲ್ಲಿ ದಟ್ಟವಾಗಿವೆಯೋ ಅಲ್ಲಿ ಪಕ್ ಹೆಚ್ಚು ಹೊತ್ತು ಇರುತ್ತದೆ ಎಂದು ಅರ್ಥ. ಬಲದ ಪರೀಕ್ಷೆಗಳಲ್ಲಿ ತಂಡದ ಕೊನೆಯ ಸಾಲಿನವನು, ವೇಗದಲ್ಲೂ ಮೊದಲಿಗನಲ್ಲ. ಆದರೂ 1981-82ರಲ್ಲಿ 92 ಗೋಲು, 1985-86ರಲ್ಲಿ ಗೋಲು-ಅಸಿಸ್ಟ್ ಸೇರಿ 215 ಅಂಕ. ಎದುರಾಳಿಯ ಗೋಲಿನ ಹಿಂಭಾಗದಲ್ಲಿ, ಯಾರೂ ಬೆಲೆ ಕೊಡದಿದ್ದ ಜಾಗದಲ್ಲಿ ಹೋಗಿ ನಿಂತು ಅಲ್ಲಿಂದ ಆಟ ನಡೆಸಿದ. ಆ ಜಾಗವನ್ನು ಜನ ಅವನ ಆಫೀಸು ಎಂದೇ ಕರೆದರು. ಗೋಲ್‌ಕೀಪರ್ ಹಿಂದೆ ತಿರುಗಿ ನೋಡಬೇಕು, ಡಿಫೆಂಡರ್ ಯಾವ ಬದಿಯಿಂದ ಬಂದರೂ ಅವನು ಇನ್ನೊಂದು ಬದಿಯಿಂದ ಹೊರಡುತ್ತಾನೆ. ಅವನ ಬಳಿ ಬೇರೆಯವರಿಗಿಂತ ಹೆಚ್ಚಾಗಿ ಇದ್ದದ್ದು ಒಂದೇ: ಬಿಡುವು.

ಆ ಬಿಡುವು ಎಲ್ಲಿಂದ ಬಂತು ಎಂದು ಕೇಳಿದರೆ ಅಭಿಮಾನಿಗಳಿಗೆ ಸ್ವಲ್ಪ ಇರಿಸುಮುರಿಸಾಗುತ್ತದೆ. ಅವನ ದೂರದೃಷ್ಟಿಯಿಂದ ಬಂತು ಎಂಬುದು ನಿಜ. ಎಡ್ಮಂಟನ್ ತಂಡದಲ್ಲಿ ಡೇವ್ ಸೆಮೆಂಕೊ ಇದ್ದುದರಿಂದಲೂ ಬಂತು ಎಂಬುದು ಅಷ್ಟೇ ನಿಜ. ಗ್ರೆಟ್ಸ್ಕಿಯನ್ನು ಮುಟ್ಟಿದವನು ಸೆಮೆಂಕೊನ ಮುಷ್ಟಿಗೆ ಉತ್ತರ ಹೇಳಬೇಕಿತ್ತು. 1988ರಲ್ಲಿ ಲಾಸ್ ಏಂಜಲಿಸ್‌ಗೆ ಹೋಗುವಾಗ ಅವನ ಜೊತೆಗೆ ಮಾರ್ಟಿ ಮಕ್‌ಸಾರ್ಲಿಯೂ ಹೋದ. ಕಾವಲುಗಾರನಿಲ್ಲದೆ ವ್ಯವಹಾರ ಮುಗಿಯಲಿಲ್ಲ. ಗೋಲ್‌ಕೀಪರುಗಳ ಕೌಶಲ ಅರಳಿದ್ದು ಅವರ ಭಯ ಕಳೆದದ್ದರಿಂದ. ಗ್ರೆಟ್ಸ್ಕಿಯ ಕೌಶಲ ಅರಳಿದ್ದು ಬೇರೆಯವರಲ್ಲಿ ಭಯ ಹುಟ್ಟಿಸಿದ್ದರಿಂದ. ನಾಜೂಕಿನ ಬೇರು ಒರಟುತನದಲ್ಲಿತ್ತು ಎಂಬ ಮಾತನ್ನು ಒಪ್ಪಿಕೊಳ್ಳಲು ನನಗೂ ಹಿತವಿಲ್ಲ, ಆದರೆ ಅಲ್ಲಗಳೆಯಲು ದಾರಿ ಕಾಣುವುದಿಲ್ಲ.

ಆ ಬಿಡುವನ್ನು ಕಿತ್ತುಕೊಳ್ಳುವುದೇ 1990ರ ದಶಕದ ಕೋಚುಗಳ ಕಾಯಕವಾಯಿತು. ಜಾಕ್ ಲೆಮೇರ್‌ನ ನ್ಯೂಜೆರ್ಸಿ ತಂಡ ರಿಂಕಿನ ನಡುಭಾಗದಲ್ಲಿ ಬದು ಕಟ್ಟಿದ ಹಾಗೆ ನಿಂತು ಎದುರಾಳಿಯ ಹರಿವನ್ನೇ ನಿಲ್ಲಿಸಿ 1995ರಲ್ಲಿ ಕಪ್ ಗೆದ್ದಿತು. ಎಲ್ಲರೂ ಅದನ್ನೇ ಕಲಿತರು. ಸ್ಟಿಕ್ಕಿನಿಂದ ಸೊಂಟಕ್ಕೆ ಕೊಕ್ಕೆ ಹಾಕುವುದು, ಅಂಗಿ ಹಿಡಿದು ಜಗ್ಗುವುದು, ಇವೂ ಪಳಗಿದ ಕೈಗಳ ಕಲೆಯೇ ಆದವು. 1980ರ ದಶಕದ ಆರಂಭದಲ್ಲಿ ಪಂದ್ಯಕ್ಕೆ ಸುಮಾರು 8 ಗೋಲುಗಳಿದ್ದದ್ದು 2003-04ರ ಹೊತ್ತಿಗೆ 5ರ ಆಸುಪಾಸಿಗೆ ಬಂತು. ಮಾಲೀಕರು ಮತ್ತು ಆಟಗಾರರ ಜಗಳದಲ್ಲಿ 2004-05ರ ಇಡೀ ಋತುವೇ ರದ್ದಾಯಿತು. ಆ ಖಾಲಿ ವರ್ಷದಲ್ಲಿ ಕೂತು ಯೋಚಿಸಿ ನಿಯಮಗಳನ್ನು ತಿದ್ದಿದರು: ಕೊಕ್ಕೆಗೂ ಜಗ್ಗಾಟಕ್ಕೂ ಕಟ್ಟುನಿಟ್ಟಾದ ಶಿಕ್ಷೆ, ನಡುವಿನ ಕೆಂಪು ಗೆರೆ ದಾಟಿ ಉದ್ದಕ್ಕೆ ಪಾಸ್ ಮಾಡಲು ಅನುಮತಿ. ನಿನ್ನೆಯ ಚಾಣಾಕ್ಷತನ ಇಂದು ಅಪರಾಧ. ಹಿಡಿಯುವವರಿಲ್ಲದ ಅಂಗಳದಲ್ಲಿ ಚಿಕ್ಕ ಮೈಕಟ್ಟಿನ, ಚುರುಕು ಕಾಲಿನ ಹುಡುಗರಿಗೆ ಬಾಗಿಲು ತೆರೆಯಿತು.

ಬಾಗಿಲು ತೆರೆದದ್ದರ ಬೆಲೆ ಬೇರೆ ಕಡೆ ಬಿತ್ತು. ಐವತ್ತರ ದಶಕದ ಆಟಗಾರ ಒಂದು ಸರದಿಗೆ ಎರಡು ನಿಮಿಷದಷ್ಟು ಹೊತ್ತು ರಿಂಕಿನಲ್ಲಿರುತ್ತಿದ್ದ. ಅಷ್ಟೂ ಹೊತ್ತು ಓಡಲಾರ, ಆದ್ದರಿಂದ ತೇಲುತ್ತಿದ್ದ, ನೋಡುತ್ತಿದ್ದ, ಸಮಯ ಕಾಯುತ್ತಿದ್ದ. ಇಂದಿನ ಸರದಿ ಮುಕ್ಕಾಲು ನಿಮಿಷದ ಆಸುಪಾಸು. ಮೈಯಲ್ಲಿರುವುದನ್ನೆಲ್ಲ ಸುರಿದು ಬೆಂಚಿಗೆ ಮರಳಬೇಕು. ಗೋಲ್‌ಕೀಪರ್ ಆಗಿದ್ದು ಬರಹಗಾರನಾದ ಕೆನ್ ಡ್ರೈಡನ್ 2017ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಎಳೆಯನ್ನು ಹಿಡಿದು ಹೋಗುತ್ತಾನೆ: ಸರದಿ ಚಿಕ್ಕದಾದಷ್ಟೂ ವೇಗ ಹೆಚ್ಚು, ವೇಗ ಹೆಚ್ಚಿದಷ್ಟೂ ಡಿಕ್ಕಿ ಹೆಚ್ಚು, ಡಿಕ್ಕಿಯ ಲೆಕ್ಕ ಮಿದುಳಿನಲ್ಲಿ ಜಮೆಯಾಗುತ್ತದೆ. ಆ ಪುಸ್ತಕ 35ನೆಯ ವಯಸ್ಸಿಗೆ ತೀರಿಕೊಂಡ ಸ್ಟೀವ್ ಮಾಂಟಡಾರ್ ಎಂಬ ಆಟಗಾರನ ಬದುಕನ್ನು ಕುರಿತದ್ದು. ಅದಕ್ಕೂ ಮುಂಚೆ, 2011ರಲ್ಲಿ, ಹೊಡೆದಾಟವನ್ನೇ ಕಸುಬು ಮಾಡಿಕೊಂಡಿದ್ದ ಡೆರೆಕ್ ಬೂಗಾರ್ಡ್ 28ಕ್ಕೆ ಸತ್ತಾಗ ಅವನ ಮಿದುಳಿನಲ್ಲಿ ಪದೇ ಪದೇ ಬಿದ್ದ ಪೆಟ್ಟಿನಿಂದಾಗುವ ಕಾಯಿಲೆ ಪತ್ತೆಯಾಗಿತ್ತು. ಸೆಮೆಂಕೊನ ವಂಶ ಲೀಗಿನಿಂದ ಹೆಚ್ಚುಕಡಿಮೆ ಮರೆಯಾಗಿದೆ. ಕಾವಲುಗಾರ ಹೋದ ಮೇಲೆ ಬಿಡುವನ್ನು ಆಟಗಾರ ತನ್ನ ಕಾಲಿನಿಂದಲೇ ಸೃಷ್ಟಿಸಿಕೊಳ್ಳಬೇಕು. ಕಾನರ್ ಮಕ್‌ಡೇವಿಡ್ ಪೂರ್ತಿ ವೇಗದಲ್ಲಿ ಓಡುತ್ತಲೇ ಪಕ್ಕನ್ನು ಆಡಿಸುವುದು, 2022-23ರಲ್ಲಿ 153 ಅಂಕ ಗಳಿಸಿದ್ದು, ಈ ಅಗತ್ಯದ ಫಲ.

ಎಲ್ಲವೂ ಬದಲಾಗುತ್ತದೆ ಎಂಬ ನನ್ನ ಈ ಮಾತಿಗೆ ಅಡ್ಡ ಬರುವವನು ಅಲೆಕ್ಸಾಂಡರ್ ಒವೆಚ್ಕಿನ್. 2005ರಿಂದ ಅವನು ರಿಂಕಿನ ಎಡಗಡೆಯ ಅದೇ ವೃತ್ತದಲ್ಲಿ ನಿಲ್ಲುತ್ತಾನೆ, ಅಲ್ಲಿಂದ ಹೊಡೆಯುತ್ತಾನೆ. ಎಲ್ಲ ಕೋಚುಗಳಿಗೂ ಗೊತ್ತು, ಎಲ್ಲ ಗೋಲ್‌ಕೀಪರುಗಳಿಗೂ ಗೊತ್ತು. 2025ರ ಏಪ್ರಿಲ್ 6ರಂದು ಗ್ರೆಟ್ಸ್ಕಿಯ 894 ಗೋಲುಗಳ ದಾಖಲೆ ಮುರಿದದ್ದೂ ಆ ಎಡವೃತ್ತದಿಂದ ಹೊಡೆದ ಗೋಲಿನಿಂದಲೇ. ಅದು ಅವನ 1,487ನೆಯ ಪಂದ್ಯ. ಗ್ರೆಟ್ಸ್ಕಿ ಲೀಗಿನಲ್ಲಿ ಆಡಿದ್ದೂ ಒಟ್ಟು 1,487. ಗುಟ್ಟಿಲ್ಲದ, ಹೊಸತೂ ಇಲ್ಲದ ಒಂದೇ ಹೊಡೆತ ಇಪ್ಪತ್ತು ವರ್ಷ ಸವೆಯದೆ ಉಳಿದದ್ದು ಹೇಗೆ? ಅವನನ್ನು ಕಾಯಲು ಒಬ್ಬನನ್ನು ಬಿಟ್ಟರೆ ಉಳಿದ ನಾಲ್ವರಿಗೆ ಜಾಗ ಸಿಗುತ್ತದೆ ಎಂಬ ವಿವರಣೆ ಇದೆ. ಅದು ಅರ್ಧ ಉತ್ತರ ಮಾತ್ರ. ಉಳಿದರ್ಧ ನನ್ನ ವಾದದೊಳಗೆ ಕೂರುವುದಿಲ್ಲ, ಕೂರದೆ ಇರಲಿ.

ಇನ್ನು, ತಡೆಗಳ ನಡುವೆ ಕೌಶಲ ಮೊಳೆಯುವುದನ್ನು ಈಗಲೇ ಕಣ್ಣಾರೆ ನೋಡಬೇಕೆನ್ನುವವರು ನೋಡಬೇಕಾದದ್ದು ಗಂಡಸರ ಲೀಗನ್ನಲ್ಲ. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1990ರಲ್ಲಿ ಒಟ್ಟಾವಾದಲ್ಲಿ ನಡೆದಾಗ ಮೈಗೆ ಮೈ ಡಿಕ್ಕಿ ಹೊಡೆಯಲು ಅವಕಾಶವಿತ್ತು. ಆಮೇಲೆ ಅದನ್ನು ನಿಷೇಧಿಸಿದರು. ಆ ನಿಷೇಧದೊಳಗೆ ಬೆಳೆದ ಆಟಗಾರ್ತಿಯರು ಎದುರಾಳಿಯ ದಾರಿಯನ್ನು ಮೊದಲೇ ಊಹಿಸಿ ಸ್ಟಿಕ್ಕಿನಿಂದ ಪಕ್ ಕಸಿಯುವುದನ್ನು, ಕೋನ ಹಿಡಿದು ಅಂಚಿಗೆ ತಳ್ಳುವುದನ್ನು ಸೂಕ್ಷ್ಮವಾದ ವಿದ್ಯೆಯಾಗಿ ಬೆಳೆಸಿಕೊಂಡರು. 2024ರ ಜನವರಿ 1ರಂದು ಟೊರಾಂಟೋದಲ್ಲಿ ಶುರುವಾದ ಅವರ ಹೊಸ ವೃತ್ತಿಪರ ಲೀಗ್ ಡಿಕ್ಕಿಗೆ ಮತ್ತೆ ಸಾಕಷ್ಟು ಸಲಿಗೆ ಕೊಟ್ಟಿದೆ. ಜೊತೆಗೆ ಗಂಡಸರ ಆಟದಲ್ಲಿಲ್ಲದ ಒಂದು ನಿಯಮವನ್ನೂ ತಂದಿದೆ: ಪೆನಾಲ್ಟಿಯಿಂದಾಗಿ ಒಬ್ಬಳು ಕಡಿಮೆಯಿರುವ ತಂಡ ಗೋಲು ಹೊಡೆದರೆ, ಒಳಗೆ ಕೂತವಳ ಸಣ್ಣ ಪೆನಾಲ್ಟಿ ಅಲ್ಲಿಗೆ ಮುಗಿಯಿತು. ನೂರು ವರ್ಷಗಳಿಂದ ಒಬ್ಬರು ಕಡಿಮೆ ಇರುವಾಗ ಮಾಡಬೇಕಾದ ಕೆಲಸ ಒಂದೇ ಆಗಿತ್ತು, ಹೇಗಾದರೂ ತಡೆದುಕೊಂಡು ಎರಡು ನಿಮಿಷ ದೂಡುವುದು. ಈಗ ನಾಲ್ವರು ಐವರ ಮೇಲೆ ದಾಳಿ ಮಾಡಲು ಒಂದು ನೆಪ ಸಿಕ್ಕಿದೆ. ಸಂಖ್ಯೆ ಹೆಚ್ಚಿರುವ ತಂಡಕ್ಕೆ ಹಿಂದೆ ತಿರುಗಿ ನೋಡಿಕೊಳ್ಳುವ ಹೊಸ ಅಂಜಿಕೆಯೂ ಹುಟ್ಟಿದೆ. ಡಿಕ್ಕಿಯ ಸಲಿಗೆ ಮೂರು ದಶಕದ ಆ ಸೂಕ್ಷ್ಮ ವಿದ್ಯೆಯನ್ನು ನುಂಗುತ್ತದೋ, ಹೊಸ ಅಂಜಿಕೆ ಅದಕ್ಕೆ ಇನ್ನೊಂದು ಕೆಲಸ ಕೊಡುತ್ತದೋ ಎಂಬುದು ಮುಂದಿನ ಕೆಲವು ಋತುಗಳಲ್ಲಿ ಗೊತ್ತಾಗಲಿದೆ.